ಠಣ್ ಎನ್ನದ ತೊಲೆಗಳು

ಊರಿಗೆಲ್ಲ ಅವನು ಮರಕುಟಿಗ. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟಿಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡು, ಆಮೇಲೆಯೇ "ಚೆನ್ನಾಗಿದ್ದೀರಾ?" ಅನ್ನುವವನು. ಚೌಕಟ್ಟು ಚೆನ್ನಾಗಿದ್ದರೆ ಮನೆಯವರೂ ಚೆನ್ನಾಗಿರುತ್ತಾರೆ ಎಂಬುದು ಅವನ ಲೆಕ್ಕ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ ಮಂಚ ಕುಟ್ಟುತ್ತಿದ್ದ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವರ ಬೋಳುತಲೆಯ ಕಡೆಗೇ ಕೈ ಹೋಗುತ್ತಿದ್ದದ್ದನ್ನು ಹೆಂಡತಿ ಗಬಕ್ಕನೆ ಹಿಡಿದುಕೊಂಡಳಂತೆ. ಅದು ನಿಜವೋ ಸುಳ್ಳೋ ಹೇಳಿದವರಿಗೇ ಗೊತ್ತು, ಕುಟ್ಟುವ ಚಟ ಮಾತ್ರ ನಿಜ.

ಕೆಲಸವೇ ಹಾಗಿತ್ತು ನೋಡಿ. ಹಳೆಯ ಕಟ್ಟಡಗಳ ಮರದ ಚಾವಣಿ ಹತ್ತಿ, ಯಾವ ತೊಲೆ ಗಟ್ಟಿ, ಯಾವುದಕ್ಕೆ ಹುಳು ಬಿದ್ದಿದೆ, ಎಲ್ಲಿ ಸೋರಿ ಸೋರಿ ಒಳಗೊಳಗೇ ಕೊಳೆತಿದೆ ಎಂದು ಪತ್ತೆ ಮಾಡಬೇಕು. ಕೊಳೆತಷ್ಟನ್ನೇ ಕತ್ತರಿಸಿ ಹೊಸ ಮರ ಕೂಡಿಸಬೇಕು, ಬಳಲಿದ ತೊಲೆಯ ಪಕ್ಕಕ್ಕೆ ಇನ್ನೊಂದನ್ನು ಜೋಡಿ ಕೊಡಬೇಕು, ಬಿರುಕು ಬಿಟ್ಟಲ್ಲಿ ಕಬ್ಬಿಣದ ಪಟ್ಟಿ ಬಿಗಿಯಬೇಕು. ಹೊಸದಾಗಿ ಕಟ್ಟುವವರು ಬೀದಿಗೊಬ್ಬರು ಸಿಗುತ್ತಾರೆ, ಇದ್ದದ್ದನ್ನು ಉಳಿಸಿಕೊಡುವವರು ಎಲ್ಲಿದ್ದಾರೆ ಹೇಳಿ? ಅದೂ ಮರ ಅಂದರೆ ಮಹಾ ಮೋಸಗಾರ. ಮೇಲೆ ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿರುತ್ತದೆ, ಒಳಗೆ ನೋಡಿದರೆ ಬರೀ ಹಿಟ್ಟು. ಆದರೆ ಕೊಡತಿಯಿಂದ, ಅಂದರೆ ಬಡಗಿಯ ಮರದ ಸುತ್ತಿಗೆಯಿಂದ, ಒಂದು ಪೆಟ್ಟು ಕೊಟ್ಟರೆ ಬಂಡವಾಳವೆಲ್ಲ ಹೊರಗೆ ಬೀಳುತ್ತದೆ. ಗಟ್ಟಿ ಮರ ಠಣ್ ಎನ್ನುತ್ತದೆ, ಕೊಳೆತದ್ದು ಬೊದ್ ಎನ್ನುತ್ತದೆ. ವಿದ್ಯೆ ಇಷ್ಟೇ, ಆದರೆ ಅದಕ್ಕೆ ಕಿವಿ ಬೇಕು.

ಈ ವಿದ್ಯೆ ಕಲಿಸಿದವನು ಅವನ ಸೋದರಮಾವ. ಮಾತು ಕಡಿಮೆ, ಬೈಗುಳ ಜಾಸ್ತಿ ಇದ್ದ ಮನುಷ್ಯ. "ತಟ್ಟು, ಚುಚ್ಚು, ಆಮೇಲೆ ಬಾಯಿ ಬಿಡು" ಎನ್ನುವುದು ಅವನ ಕಟ್ಟಪ್ಪಣೆ. ಮೊದಲು ಕೊಡತಿಯಿಂದ ತಟ್ಟಬೇಕು, ಆಮೇಲೆ ಅದೇ ಜಾಗಕ್ಕೆ ಹಿಡಿಯಿರುವ ದಪ್ಪ ದಬ್ಬಳ ಚುಚ್ಚಬೇಕು. ಗಟ್ಟಿ ಮರವಾದರೆ ದಬ್ಬಳದ ಮೂತಿಯೂ ಒಳಗೆ ಹೋಗುವುದಿಲ್ಲ, ಕೊಳೆತಿದ್ದರೆ ಹಿಡಿಯವರೆಗೂ ಇಳಿಯುತ್ತದೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಯಾರಿಗೋ, ನಿಮ್ಮಪ್ಪನಿಗಾ?" ಎಂದು ಮಾವ ತಲೆಗೆ ಮೊಟಕುತ್ತಿದ್ದ.

ಮಾವ ಇರುವವರೆಗೂ ಮರಕುಟಿಗ ಹಾಗೇ ಮಾಡಿದ. ಮಾವ ಹೋದ ಮೇಲೆ ಕೆಲವು ವರ್ಷವೂ ಮಾಡಿದ. ಆದರೆ ಕಿವಿ ಹೇಳಿದ್ದನ್ನು ದಬ್ಬಳ ಒಮ್ಮೆಯಾದರೂ ಸುಳ್ಳು ಮಾಡಬೇಕಲ್ಲ! ಮಾಡಲೇ ಇಲ್ಲ. ಆಗ ಅವನಿಗೆ ದಬ್ಬಳವೆಂದರೆ ತಾತ್ಸಾರ ಬಂತು. ಅದು ಚೀಲದ ತಳ ಸೇರಿತು, ಚೀಲದಿಂದ ಜೊತೆಗೆ ಕೆಲಸ ಮಾಡುವ ಭಾವಮೈದುನನ ಜೇಬು ಸೇರಿತು. ಆ ಪುಣ್ಯಾತ್ಮ ಎಲ್ಲದಕ್ಕೂ ಅನುಮಾನದವನು, ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡುವ ಜಾತಿ. ಅವನು ದಬ್ಬಳ ತೆಗೆದಾಗೆಲ್ಲ ಮರಕುಟಿಗ ಕಿಚಾಯಿಸುತ್ತಿದ್ದ.

"ಚುಚ್ಚಿ ನೋಡೋದು ಕಿವುಡರ ಕೆಲಸ ಕಣಯ್ಯಾ. ನಿಂಗೆ ದೇವರು ಎರಡು ಕಿವಿ ಕೊಟ್ಟಿರೋದು ಬರೀ ಪೆನ್ಸಿಲ್ ಸಿಕ್ಕಿಸಿಕೊಳ್ಳೋದಕ್ಕಾ?"

"ನಂಗೆ ನಿಮ್ಮಷ್ಟು ಕಿವಿ ಇಲ್ಲ ಭಾವ" ಎಂದು ಅವನು ದಬ್ಬಳವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾವಮೈದುನ ಅಂದಮೇಲೆ ಅವನ ಅಕ್ಕನ ಕಥೆಯನ್ನೂ ಹೇಳಿಬಿಡಬೇಕು. ಮರಕುಟಿಗ ಹೆಂಡತಿಯನ್ನು ಮೊದಲು ನೋಡಲಿಲ್ಲ, ಅವಳ ಕೈಯಲ್ಲಿ ಹೊಡೆಸಿಕೊಂಡ. ಅವಳ ತಂದೆಯ ಮನೆಯ ಚಾವಣಿ ರಿಪೇರಿಗೆ ಹೋಗಿದ್ದ ಹರೆಯದ ದಿನ ಅದು. ಚಾವಣಿಯ ಕೆಳಗೆ ತೆಳು ಹಲಗೆಯ ಮುಚ್ಚಿಗೆ ಇರುತ್ತದಲ್ಲ, ಅದರ ಮೇಲೆ ನಡೆಯುವಾಗ ಹಲಗೆಗಳನ್ನು ಹೊತ್ತ ಜಂತೆಗಳ ಮೇಲೆಯೇ ಕಾಲಿಡಬೇಕು. ಜಂತೆ ತಪ್ಪಿದರೆ ಹಲಗೆ ತಡೆಯುವುದಿಲ್ಲ. ಮಾವ ಸಾವಿರ ಸಲ ಹೇಳಿದ್ದ, ಇವನು ಕೇಳಿಸಿಕೊಂಡಿದ್ದ, ಆದರೂ ಕಾಲು ಜಾರಿ ತೊಡೆಯವರೆಗೂ ಕೆಳಗಿಳಿಯಿತು. ಕೆಳಗೆ ಅಡುಗೆಮನೆ. ಒಲೆಯ ಮುಂದೆ ನಿಂತಿದ್ದ ಹುಡುಗಿಯ ತಲೆಯ ಮೇಲೆ ಧೂಳು, ಧೂಳಿನ ಹಿಂದೆ ಒಂದು ಕಾಲು. ಅವಳೇನೂ ಕಿರುಚಲಿಲ್ಲ. ಕೈಯಲ್ಲಿದ್ದ ಸೌಟಿನಿಂದ ಅಂಗಾಲಿಗೆ ರಪ್ಪನೆ ಬಾರಿಸಿ, "ಯಾರದು ಈ ಕಾಲು?" ಎಂದು ಗದರಿದಳು.

"ಬಾಡಿಗೆದಲ್ಲ, ನಂದೇ! ಹೊಡೀಬೇಡಿ!" ಎಂದಿತು ಮೇಲಿನಿಂದ ದನಿ.

ಅದಕ್ಕೆ ಆ ಹುಡುಗಿ ನಕ್ಕಳು. ತೆಳ್ಳಗೆ, ಮೇಲೇರುತ್ತಾ, ನಡುವೆ ಉಸಿರು ಕಟ್ಟಿ ಮತ್ತೆ ಶುರುವಾಗುವ ನಗು. ಮೇಲೆ ಸಿಕ್ಕಿಹಾಕಿಕೊಂಡವನಿಗೆ ಕಾಲು ಉರಿಯುತ್ತಿತ್ತು, ಆದರೂ ಆ ನಗು ಮುಗಿಯುವವರೆಗೆ ಕಾಲು ಎಳೆದುಕೊಳ್ಳಲಿಲ್ಲವಂತೆ. ಇಂಥ ಠಣ್ ಎನ್ನುವ ನಗು ಇನ್ನೆಲ್ಲೂ ಸಿಗುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ. ಮದುವೆಯಾಯಿತು, ಮಗಳು ಹುಟ್ಟಿದಳು, ಓದಿದಳು, ಬೇರೆ ಊರಿನಲ್ಲಿ ದಾದಿಯ ಕೆಲಸಕ್ಕೆ ಸೇರಿ ತಂದೆಗೆ ಫೋನಿನಲ್ಲೇ ಬಿ.ಪಿ. ಬಗ್ಗೆ ಬೈಯುವಷ್ಟು ದೊಡ್ಡವಳಾದಳು. ಇಷ್ಟೆಲ್ಲ ವರ್ಷ ಊರಿಗೆ ಮರಕುಟಿಗ ಹೇಳಿದ್ದೇ ಕೊನೆಯ ಮಾತು: ಇಳಿಸಿ ಎಂದರೆ ಇಳಿಸಿದರು, ಇರಲಿ ಎಂದರೆ ಅದರ ಕೆಳಗೆ ನಿಶ್ಚಿಂತೆಯಾಗಿ ಮಲಗಿದರು. ಅವನ ಆಸ್ತಿ ಅಂದರೆ ಆ ಮಾತು. ಆ ಮಾತಿನ ಬೇರು ಕಿವಿಯಲ್ಲಿತ್ತು.

ಈಗ ಸುಮಾರು ಒಂದು ವರ್ಷದಿಂದ ಅವನ ಮೂಗಿನ ತುದಿಯಲ್ಲೇ ಕೋಪ. ಕಾರಣ ಕೇಳಿದರೆ, ಊರಿನ ಮರವೆಲ್ಲ ಕೆಟ್ಟುಹೋಗಿದೆಯಂತೆ. "ಮೊದಲಿನ ಮರ ಈಗೆಲ್ಲಿ? ಎಲ್ಲಿ ತಟ್ಟಿದರೂ ಬೊದ್, ಬೊದ್. ಏನು ಗಾಳಿ ಬಂತೋ ಏನೋ." ಬೇಕರಿಯವನ ಚಾವಣಿಯನ್ನು ತಟ್ಟಿ ನೋಡಿ, ಎರಡು ತೊಲೆ ಹೋಗಿವೆ ಎಂದು ಪಕ್ಕಕ್ಕೆ ಹೊಸ ತೊಲೆ ಜೋಡಿಸಿದ. ಭಾವಮೈದುನ ದಬ್ಬಳಕ್ಕೆ ಕೈ ಹಾಕಿದವನು ಭಾವನ ಮುಖ ನೋಡಿ ಸುಮ್ಮನಾದ. ಬೋಲ್ಟಿಗೆಂದು ಹಳೆಯ ತೊಲೆಗೆ ತೂತು ಕೊರೆದಾಗ ಬಿದ್ದ ಪುಡಿ ನಿನ್ನೆ ಕಡಿದ ಮರದ ಹಾಗೆ ಘಮ್ಮೆಂದಿತು. ಅವನು ಅದನ್ನು ಮೂಸಿ ನೋಡಿದ, ಮತ್ತೆ ಸುಮ್ಮನಾದ. ಭಾವನಿಗೆ ಎದುರಾಡುವುದೆಂದರೆ ಅವನಿಗೆ ಆಗದ ಮಾತು. ಪಾಪದವನು.

ಇನ್ನೂ ಏನೇನೋ ಕೆಟ್ಟಿತ್ತು. ಹೆಂಡತಿ ಈಚೀಚೆಗೆ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವಳ ಹಾಗೆ ಮಾತಾಡುತ್ತಾಳೆ ಎಂದು ಅವನಿಗೆ ಬೇಜಾರು. ಒಲೆಯ ಮೇಲಿನ ಕುಕ್ಕರು ಕೂಗಿ ಕೂಗಿ ತಳ ಹತ್ತಿದರೂ ಪಕ್ಕದಲ್ಲೇ ಪೇಪರು ಓದುತ್ತಾ ಕೂತಿರುತ್ತಾನೆ ಎಂದು ಅವಳಿಗೆ ಬೇಜಾರು. "ಸೋಮಾರಿತನಕ್ಕೂ ಒಂದು ಮಿತಿ ಬೇಡವೇನ್ರೀ?" ಎಂದು ಬೈದಿದ್ದಳು. ಹಿತ್ತಲ ಸೂರಿನ ಸಂದಿನಲ್ಲಿ ಪ್ರತಿವರ್ಷ ಗೂಡು ಕಟ್ಟುತ್ತಿದ್ದ ಗುಬ್ಬಿಗಳೂ ಈ ಸಲ ಬಂದಿಲ್ಲ ಎಂದು ಅವನು ಮಗಳಿಗೆ ಫೋನಿನಲ್ಲಿ ಹೇಳಿದ. "ಮರ ಕೆಟ್ಟ ಊರಿಗೆ ಗುಬ್ಬಿಯಾದರೂ ಯಾಕೆ ಬರಬೇಕು ಮಗಳೇ?"

ಇಂಥ ಹೊತ್ತಿನಲ್ಲೇ ಸಂಗೀತ ಶಾಲೆಯಿಂದ ಕರೆ ಬಂತು. ಅದೊಂದು ಉದ್ದನೆಯ ಹಳೆಯ ಕಟ್ಟಡ. ಎತ್ತರದ ಹೆಂಚಿನ ಚಾವಣಿ, ಕೆಳಗೆ ಹಲಗೆಯ ಮುಚ್ಚಿಗೆ, ಸವೆದು ಗುಳಿಬಿದ್ದ ಹೊಸ್ತಿಲು. ಅಲ್ಲಿ ಬೆಳಗ್ಗೆ ಮಕ್ಕಳು, ಸಂಜೆ ಅಂಗಡಿ ಕಚೇರಿ ಮುಗಿಸಿದ ಹೆಂಗಸರು ಗಂಡಸರು ಹಾಡು ಕಲಿಯಲು ಬರುತ್ತಿದ್ದರು. ಹೇಳಿಕೊಡುವವಳು ಒಬ್ಬಳೇ ಟೀಚರು. ಗೋಡೆ ಒದ್ದೆಯಾಗಿ, ಮುಚ್ಚಿಗೆಯ ಮೂಲೆ ಜೋತುಬಿದ್ದು, ಒಂದು ದಿನ ಪಾಠದ ನಡುವೆ ಮೇಲೆ ಚಟ್ ಎಂದು ಸದ್ದಾದ ಮೇಲೆ ಶಾಲೆಯ ಅಧ್ಯಕ್ಷರು ಬಾಗಿಲು ಹಾಕಿಸಿದ್ದರು. ಅಧ್ಯಕ್ಷರು ರಿಟೈರಾದ ಸ್ಟೇಷನ್ ಮಾಸ್ತರು, ಕೆಂಪು ಬಾವುಟ ಕಂಡರೆ ನಿಲ್ಲಲೇಬೇಕು ಎನ್ನುವ ಪೈಕಿ. ಚಾವಣಿ ಉಳಿಯುತ್ತದೆ ಎಂದರೆ ರಿಪೇರಿ, ಇಲ್ಲವೆಂದರೆ ಕಟ್ಟಡ ನೆಲಸಮ. ನೆಲಸಮವಾದರೆ ಶಾಲೆಗೆ ಹೋಗಲು ಬೇರೆ ಜಾಗವಿಲ್ಲ. ನಾಳೆ ಬೆಳಗ್ಗೆ ಸಮಿತಿಯವರು ಬರುತ್ತಾರೆ, ಅಷ್ಟರಲ್ಲಿ ಮರಕುಟಿಗನ ಮಾತು ಬೇಕು.

ಅವನು ಏಣಿ ಹತ್ತಿ ಒಳಗೆ ತೂರಿಕೊಂಡ. ಮೊದಲ ತೊಲೆ ತಟ್ಟಿದ, ಬೊದ್. ಎರಡನೆಯದು, ಬೊದ್. ಕಿಟಕಿಯ ಕಡೆಯದು, ನಡುವಿನದು, ಗೋಡೆಯ ಕಡೆಯದು, ಎಲ್ಲ ಬೊದ್. ಇಷ್ಟು ಚೆಂದದ ಕೆಲಸ, ಎಷ್ಟು ನೀಟಾಗಿ ಕಚ್ಚು ಕೂಡಿಸಿದ್ದಾರೆ, ಎಲ್ಲಾ ಮಣ್ಣುಪಾಲಾಯಿತಲ್ಲ! ಇಳಿದು ಬಂದು ಕೈ ಒರೆಸಿಕೊಳ್ಳುತ್ತಾ, "ಪೂರಾ ಹೋಗಿದೆ ಟೀಚರೇ. ಒಂದೂ ಉಳಿದಿಲ್ಲ. ಇಳಿಸಿಬಿಡಬೇಕು" ಎಂದ.

ಟೀಚರು ಕೆಳಗೆ ನಿಂತು ಪ್ರತಿ ಪೆಟ್ಟನ್ನೂ ಕೇಳಿಸಿಕೊಂಡಿದ್ದಳು. "ಮೇಸ್ತ್ರಿ, ನಿಮಗೆ ಎಲ್ಲಾನೂ ಒಂದೇ ತರ ಕೇಳಿಸ್ತಾ?" ಎಂದು ಮೆಲ್ಲಗೆ ಕೇಳಿದಳು. "ನಂಗೆ ಹಾಗನ್ನಿಸಲಿಲ್ಲ. ನಡುವಿನವು ಗಂಟೆ ತರ ಇದ್ದವು. ಹಿಂದಿನ ಗೋಡೆ ಹತ್ತಿರದವು ಮಾತ್ರ ಮಂಕಾಗಿದ್ದವು."

ಮರಕುಟಿಗನಿಗೆ ರೇಗಿತು. ಅಲ್ಲ, ಇಷ್ಟು ವರ್ಷದಲ್ಲಿ ಅವನ ಕಿವಿಯನ್ನು ಅನುಮಾನಿಸಿದವರು ಯಾರು? "ಹಾಡು ನಿಮ್ಮದು, ತೊಲೆ ನಮ್ಮದು. ನಿಮ್ಮ ಹಾಡಿನಲ್ಲಿ ನಾನು ಮೂಗು ತೂರಿಸ್ತೀನಾ?" ಎಂದ. ಅವಳು ಹಾರ್ಮೋನಿಯಂ ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು ಸುಮ್ಮನೆ ಸರಿಮಾಡುತ್ತಾ ನಿಂತಳು. ಭಾವಮೈದುನ ಅವಳನ್ನೊಮ್ಮೆ, ಭಾವನನ್ನೊಮ್ಮೆ ನೋಡಿ ಚೀಲ ಎತ್ತಿಕೊಂಡ.

ಮನೆಗೆ ಬಂದರೂ ಮರಕುಟಿಗನಿಗೆ ಸಮಾಧಾನವಿಲ್ಲ. ಸಂಜೆಯ ಬಿಸಿಲು ಇನ್ನೂ ಇತ್ತು. ನಡುಮನೆಯಲ್ಲಿ ನಿಂತವನು ಅಭ್ಯಾಸಬಲದಿಂದ ಕೊಡತಿ ಎತ್ತಿ ತನ್ನ ಮನೆಯ ತೊಲೆಗೇ ಒಂದು ಪೆಟ್ಟು ಕೊಟ್ಟ. ತಾನೇ ಆರಿಸಿ, ತಾನೇ ಹತ್ತರಿ ಹಿಡಿದು ನುಣುಪು ಮಾಡಿ, ತಾನೇ ಏರಿಸಿದ ತೊಲೆ.

ಬೊದ್.

ಆಮೇಲೆ ನಡೆದದ್ದನ್ನು ಅವನ ಹೆಂಡತಿಯ ಬಾಯಲ್ಲೇ ಕೇಳಬೇಕು. ಅವಳು ಅಂಗಡಿಯಿಂದ ಬರುವಷ್ಟರಲ್ಲಿ ಮಂಚ ಹೊರಗೆ, ಬೀರು ಹೊರಗೆ, ಕೊಟ್ಟಿಗೆಯಲ್ಲಿದ್ದ ಆಸರೆ ಕಂಬಗಳೆಲ್ಲ ಒಳಗೆ. ನಡುಮನೆಯಲ್ಲಿ ನಾಲ್ಕು, ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಒಂದು, ಒಲೆಗೂ ನೀರಿನ ನಲ್ಲಿಗೂ ನಡುವೆ ಇನ್ನೊಂದು. ಮರಕುಟಿಗ ಬೆವರು ಸುರಿಸುತ್ತಾ ಕಂಬಕ್ಕೆ ಬೆಣೆ ಬಡಿಯುತ್ತಿದ್ದ.

"ಇದೇನು ಮನೆಯೋ ಕಾಡೋ? ಏನಾಗಿದೆ ನಿಮಗೆ?"

"ಒಳಗೆ ಬರಬೇಡ! ತೊಲೆ ಹೋಗಿದೆ. ಯಾವಾಗ ಬೇಕಾದ್ರೂ ಬೀಳುತ್ತೆ."

"ಇದೇ ತೊಲೆಗೆ ಮೊನ್ನೆ ಮಗಳು ಬಂದಾಗ ಉಯ್ಯಾಲೆ ಕಟ್ಟಿ ತೂಗಿದಿರಿ. ನಾನೂ ಕೂತಿದ್ದೆ. ನನ್ನ ಭಾರಕ್ಕೇ ಬೀಳದ್ದು ನಿಮ್ಮ ಕೊಡತಿಗೆ ಬೀಳುತ್ತಾ?" ಎಂದವಳೇ ತಮ್ಮನಿಗೆ ಫೋನು ಮಾಡಿದಳು. ಅವನು ಓಡಿಬಂದ. ಕಂಬಗಳ ನಡುವೆ ನುಸುಳಿ, ಸ್ಟೂಲು ಹತ್ತಿ, ಭಾವನ ಕಡೆ ನೋಡದೆಯೇ ಜೇಬಿನಿಂದ ದಬ್ಬಳ ತೆಗೆದ. ಚುಚ್ಚಿದ. ದಬ್ಬಳ ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಇನ್ನೊಂದು ಕಡೆ ಚುಚ್ಚು" ಎಂದ ಮರಕುಟಿಗ.

ಚುಚ್ಚಿದ. ಅಲ್ಲೂ ಇಲ್ಲ. ಗೋಡೆಯ ಹತ್ತಿರ, ನಟ್ಟನಡುವೆ, ಕೆಳಗೆ, ಪಕ್ಕಕ್ಕೆ. ಕೊನೆಗೆ ದಬ್ಬಳದ ತುದಿಯೇ ಸೊಟ್ಟಗಾಯಿತು.

"ಭಾವ, ಇದು ಮರ ಅಲ್ಲ, ಕಬ್ಬಿಣ" ಎಂದು ಭಾವಮೈದುನ ಕೆಳಗಿಳಿದ. ಮತ್ತೆ ತಲೆ ತಗ್ಗಿಸಿ, "ಬೇಕರಿದೂ ಹೀಗೇ ಇತ್ತು. ಹೇಳೋಕೆ ಧೈರ್ಯ ಬರಲಿಲ್ಲ" ಎಂದ.

ಹೆಂಡತಿ ಬಾಯಿ ಸುಮ್ಮನಿಡುವವಳಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಊರಿನ ಮರ ಎಲ್ಲಾ ಕೆಟ್ಟಿದೆ ಅಂತ ಒಂದು ವರ್ಷದಿಂದ ನನ್ನ ತಲೆ ತಿಂದಿರಲ್ಲ, ಕೆಟ್ಟಿರೋದು..." ಎಂದವಳು ಗಂಡನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಮರಕುಟಿಗ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತ. ತಲೆ ಎತ್ತಿ ನೋಡಿದರೆ ಸೂರಿನ ಸಂದಿನಲ್ಲಿ ಹುಲ್ಲು, ಹತ್ತಿ, ಹಳೆಯ ದಾರ. ಗೂಡು! ಅದರಿಂದ ಪುಟ್ಟ ಪುಟ್ಟ ತಲೆಗಳು ಹೊರಗೆ ಚಾಚಿದ್ದವು. ತಾಯಿ ಗುಬ್ಬಿ ತೊಲೆಯ ತುದಿಯ ಮೇಲೆ ಕೂತಿತ್ತು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಗಂಟಲು ಅದುರುತ್ತಿತ್ತು, ಮರಿಗಳು ಬಾಯಿ ಅಗಲಿಸಿ ಒಂದೇ ಸಮ ಅರಚುತ್ತಿದ್ದವು. ಅವನಿಗೆ ಏನೇನೂ ಕೇಳಿಸಲಿಲ್ಲ. ಅವನ ತಲೆಯ ಮೇಲೆ ಮೊಳದಷ್ಟು ದೂರದಲ್ಲಿ ಒಂದು ಸಂಸಾರವೇ ಗಲಾಟೆ ಮಾಡುತ್ತಿತ್ತು, ಅವನ ಪಾಲಿಗೆ ಅದು ಮೌನ.

ಅವನಿಗೆ ಹೆದರಿಕೆಯಾಯಿತು. ಏಣಿಯ ತುದಿಯಲ್ಲಿ ನಿಂತಾಗಲೂ ಆಗದ ಹೆದರಿಕೆ. ಕಿವಿ ಹೋದರೆ ಮರಕುಟಿಗ ಯಾರು? ಬರೀ ಕುಟ್ಟುವವನು.

ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಅವನು ಗೂಡನ್ನೇ ನೋಡುತ್ತಾ ಕೇಳಿದ, "ಇವು ಯಾವಾಗ ಬಂದವು?"

"ಯಾವಾಗಿನ ಹಾಗೇ ಬಂದವು. ಬೆಳಗ್ಗೆ ಇವುಗಳ ಗಲಾಟೆಗೇ ನಂಗೆ ಎಚ್ಚರ ಆಗೋದು."

"ನೀನು ನಗೋದು ಬಿಟ್ಟುಬಿಟ್ಟಿದ್ದೀಯ ಅಂದ್ಕೊಂಡಿದ್ದೆ ಕಣೇ. ನನ್ನ ಮೇಲೆ ಏನೋ ಬೇಸರ ಅಂತ. ಕೇಳೋದು ಹೇಗೆ ಅಂತ ಸುಮ್ಮನಿದ್ದೆ."

ಅವಳು ಅವನ ಮುಖ ನೋಡಿದಳು. "ಅಯ್ಯೋ, ದಿನಾ ನಗ್ತೀನಲ್ರೀ! ನಿಮ್ಮ ಜೊತೆ ಬಾಳೋರಿಗೆ ನಗು ಬಿಟ್ಟರೆ ಬೇರೆ ದಾರಿ ಏನಿದೆ?" ಎಂದಳು, ಆದರೆ ಕಣ್ಣು ತುಂಬಿತ್ತು. ಆಮೇಲೆ ಅವಳೇ ಎದ್ದು ಸೆರಗು ಸಿಕ್ಕಿಸಿಕೊಂಡು, "ಆಯ್ತು, ಅತ್ತಿದ್ದು ಸಾಕು. ನಾಳೆ ಆ ಟೀಚರಮ್ಮನ ಶಾಲೆ ಬೀಳಿಸೋಕೆ ಹೊರಟಿದ್ದೀರಲ್ಲ, ಅದಕ್ಕೇನು ಮಾಡ್ತೀರಿ?" ಎಂದಳು.

ಅವನು ಬೆಚ್ಚಿಬಿದ್ದ. ತನ್ನ ಚಿಂತೆಯಲ್ಲಿ ಅದನ್ನು ಮರೆತೇಬಿಟ್ಟಿದ್ದ.

ಮರುದಿನ ಸಮಿತಿಯವರು ಬರುವ ಮೊದಲೇ ಮೂವರೂ ಶಾಲೆ ತಲುಪಿದರು. ಟೀಚರು ಬೀಗ ತೆಗೆದು, ಮೂರನೆಯವಳನ್ನು ನೋಡಿ ಹುಬ್ಬೇರಿಸಿದಳು.

"ಇವಳು ನನ್ನ ಕಿವಿ. ನಿನ್ನೆ ಮನೇಲಿ ಬಿಟ್ಟು ಬಂದಿದ್ದೆ" ಎಂದ ಮರಕುಟಿಗ.

ಹೆಂಡತಿಗೆ ಏಣಿ ಹತ್ತಿ ಅಭ್ಯಾಸವಿಲ್ಲ, ಆದರೆ ಮೂವತ್ತು ಚಿಲ್ಲರೆ ವರ್ಷ ಮನೆಯ ಬಾಗಿಲು, ಮಂಚ, ಮಣೆ, ತೊಟ್ಟಿಲನ್ನೆಲ್ಲ ಕುಟ್ಟಿ "ಕೇಳ್ದಾ? ಇದು ಗಟ್ಟಿ. ಇದು ಪೊಳ್ಳು" ಎನ್ನುವವನ ಜೊತೆ ಬಾಳಿದವಳಿಗೆ ಹೊಸದಾಗಿ ಕಲಿಸುವುದೇನಿತ್ತು? ಬೇಡಬೇಡವೆಂದರೂ ಕಿವಿಗೆ ಬಿದ್ದಿತ್ತು. ಅವಳು ಚಾವಣಿಯೊಳಗೆ ಕೂತು ಕಣ್ಣು ಮುಚ್ಚಿಕೊಂಡಳು. ಅವನು ತಟ್ಟಿದ. "ಗಟ್ಟಿ" ಎಂದಳು. ತಮ್ಮ ಚುಚ್ಚಿದ, ಇಳಿಯಲಿಲ್ಲ. ಮುಂದಿನದು. "ಗಟ್ಟಿ." ಇಳಿಯಲಿಲ್ಲ. ಹೀಗೇ ಸಾಗಿ, ಹಿಂದಿನ ಗೋಡೆಯ ಕಡೆ ಬಂದಾಗ ಅವಳು ಮೂಗು ಮುರಿದಳು. "ಥೂ, ಇದು ಒದ್ದೆ ಚೀಲ ಬಡಿದ ಹಾಗಿದೆ." ತಮ್ಮ ಚುಚ್ಚಿದರೆ ದಬ್ಬಳ ಬೆಣ್ಣೆಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಅಲ್ಲಿ ಹೆಂಚೊಂದು ಒಡೆದು, ನೀರು ಗೋಡೆಯೊಳಗೆ ಸೇರಿ, ಗೋಡೆಯಲ್ಲಿ ಹೂತಿದ್ದ ಮೂರು ತೊಲೆಗಳ ತುದಿಗಳು ಕೊಳೆತಿದ್ದವು. ಅದರಲ್ಲೊಂದು ಕುಸಿದು ಬಿರುಕು ಬಿಟ್ಟದ್ದೇ ಅವತ್ತಿನ ಚಟ್ ಎಂಬ ಸದ್ದು. ಉಳಿದದ್ದೆಲ್ಲ ಕಲ್ಲು. ಟೀಚರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಅಧ್ಯಕ್ಷರು ಸಮಿತಿಯವರೊಂದಿಗೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. "ಏನಪ್ಪಾ, ನಿನ್ನ ಕೊನೇ ಮಾತು?"

ಮರಕುಟಿಗ ಲೆಕ್ಕ ಹಾಕಿದ. ಎಲ್ಲರೆದುರು ಹೇಳಿದರೆ ಆ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ, ನಾಳೆಯಿಂದ ಯಾರೂ ಕರೆಯದಿರಬಹುದು. ಹೇಳದಿದ್ದರೆ ಈ ತೊಲೆಗಳು ಸೌದೆಯಾಗುತ್ತವೆ. ಅವನು ಟೀಚರ ಕಡೆ ತಿರುಗಿದ. "ನಿನ್ನೆ ಪೂರಾ ಇಳಿಸಬೇಕು ಅಂದೆ. ತಪ್ಪು ಹೇಳಿದೆ, ತಪ್ಪಾಯ್ತು ಟೀಚರೇ. ಹಾಳಾಗಿರೋದು ಚಾವಣಿ ಅಲ್ಲ, ನನ್ನ ಕಿವಿ. ಠಣ್ ಅನ್ನೋದು ನಂಗೀಗ ಕೇಳಿಸೋದಿಲ್ಲ. ಮೂರು ತುದಿ ಮಾತ್ರ ಹೋಗಿದೆ. ಸರಿ ಮಾಡಿದರೆ ನಿಮ್ಮ ಶಿಷ್ಯರ ಮೊಮ್ಮಕ್ಕಳೂ ಇಲ್ಲೇ ಹಾಡಬಹುದು."

ಅಧ್ಯಕ್ಷರು ಕನ್ನಡಕ ತೆಗೆದರು. "ನಿನ್ನೆ ಒಂದು, ಇವತ್ತೊಂದು. ಕೆಂಪೋ ಹಸಿರೋ? ನಾನು ಯಾವುದನ್ನ ನಂಬಲಿ?"

"ನನ್ನ ಮಾತು ನಂಬಲೇಬೇಡಿ ಸಾರ್" ಎಂದು ಮರಕುಟಿಗ ಭಾವಮೈದುನನ ಮುಂದೆ ಕೈ ಚಾಚಿದ. ಎಷ್ಟೋ ವರ್ಷದ ಮೇಲೆ ಆ ದಬ್ಬಳ ಅವನ ಕೈಗೆ ಬಂತು. ಅದನ್ನು ಅಧ್ಯಕ್ಷರಿಗೆ ಕೊಟ್ಟ. "ನೀವೇ ಚುಚ್ಚಿ ನೋಡಿ. ಇದು ಸುಳ್ಳು ಹೇಳೋದಿಲ್ಲ. ನಮ್ಮ ಮಾವ ಬಡಿದು ಬಡಿದು ಹೇಳಿದ್ದ, ನಾನೇ ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ."

ಅಧ್ಯಕ್ಷರು ಪಂಚೆ ಎತ್ತಿಕಟ್ಟಿ ಏಣಿ ಹತ್ತಿದರು. ಮೇಲೆ ಬಹಳ ಹೊತ್ತು ಅವರ ಏದುಸಿರು, "ಹ್ಞೂಂ", "ಇಲ್ಲಪ್ಪಾ, ಹೋಗೋದಿಲ್ಲ" ಎಂಬ ಮಾತು. ಆಮೇಲೆ ಹಿಂದಿನ ಗೋಡೆಯ ಕಡೆಯಿಂದ "ಅಯ್ಯಯ್ಯೋ!" ಇಳಿದು ಬಂದಾಗ ತಲೆ ತುಂಬ ಜೇಡರಬಲೆ, ಮುಖ ತುಂಬ ಸಂತೋಷ. ಹುಡುಗಾಟಿಕೆಯ ಕೆಲಸ ಮಾಡಿ ಎಷ್ಟು ಕಾಲವಾಗಿತ್ತೋ ಪಾಪ! ದಬ್ಬಳ ಹಿಂದಿರುಗಿಸಲು ಮನಸ್ಸೇ ಬಾರದವರಂತೆ ಹಿಡಿದುಕೊಂಡು, "ಹಸಿರು" ಎಂದರು. ಟೀಚರು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ದೊಪ್ಪನೆ ಕೂತು ಮುಖ ಮುಚ್ಚಿಕೊಂಡಳು. ಆಮೇಲೆ ಮರಕುಟಿಗನಿಗೆ, "ಮೇಸ್ತ್ರಿ, ಇನ್ನು ಮೇಲೆ ನನ್ನ ಹಾಡಿನಲ್ಲೂ ನೀವು ಮೂಗು ತೂರಿಸಬಹುದು" ಎಂದಳು.

ಕೆಲಸ ಶುರುವಾಯಿತು. ತೊಲೆಗಳ ಕೆಳಗೆ ಆಸರೆ ಕಂಬ ನಿಲ್ಲಿಸಿ, ಜಾಕಿ ತಿರುಗಿಸಿ ಭಾರವನ್ನೆಲ್ಲ ಮೆಲ್ಲಗೆ ಅದರ ಮೇಲಕ್ಕೆ ತಂದರು. ಕೊಳೆತ ತುದಿ ಕತ್ತರಿಸಿ, ಹಳೆಯದಕ್ಕೂ ಹೊಸದಕ್ಕೂ ಉದ್ದನೆಯ ಓರೆ ಕಚ್ಚು ಕೊಟ್ಟು ಕೂಡಿಸಿ, ಎರಡೂ ಪಕ್ಕಕ್ಕೆ ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟು ಬಿಗಿದರು. ಮರದ ತುದಿ ಮತ್ತೆ ಬೆವರದಂತೆ ಗೋಡೆಯ ಗೂಡಿನಲ್ಲಿ ಸುತ್ತಲೂ ಗಾಳಿಯಾಡುವಷ್ಟು ಜಾಗ ಬಿಟ್ಟರು. ಹೆಂಡತಿ ದಿನವೂ ಬಂದಳು. ಮೊದಲು ಊಟದ ಡಬ್ಬಿ ತರುವ ನೆಪ, ಆಮೇಲೆ ನೆಪವೂ ಇಲ್ಲ. ಮಗಳ ಒತ್ತಾಯಕ್ಕೆ ಅವನು ಕಿವಿ ಡಾಕ್ಟರ ಹತ್ತಿರವೂ ಹೋಗಿಬಂದ. ಅವರು ಕಡಲೆಬೀಜದಷ್ಟು ದೊಡ್ಡ ಮಿಷನ್ ಒಂದನ್ನು ಕೊಟ್ಟರು. ಅದನ್ನು ಹಾಕಿಕೊಂಡ ಮೊದಲ ದಿನವೇ ಪಕ್ಕದಲ್ಲಿ ಭಾವಮೈದುನ ಗರಗಸ ಎಳೆದ, ಮರಕುಟಿಗ ಎಗರಿಬಿದ್ದ. ಅಂದಿನಿಂದ ಮಿಷನ್ ಅಂಗಿಯ ಜೇಬಿನಲ್ಲಿ. "ಜೇಬಿಗೆ ಚೆನ್ನಾಗಿ ಕೇಳಿಸುತ್ತಾ?" ಎಂದು ಹೆಂಡತಿ ದಿನಕ್ಕೊಮ್ಮೆ ಚುಚ್ಚುತ್ತಿದ್ದಳು.

ಅವನು ಹೆದರಿದಂತೆ ಊರು ಅವನನ್ನು ಕೈಬಿಡಲಿಲ್ಲ. ಬೇಕರಿಯವನಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಾಗ ಅವನು, "ಹೋಗಲಿ ಬಿಡಣ್ಣ, ನಿನ್ನ ದಯದಿಂದ ನನ್ನ ಚಾವಣಿಗೆ ಬೆಲ್ಟೂ ಆಯ್ತು, ಉಡಿದಾರಾನೂ ಆಯ್ತು" ಎಂದು ಬಿಸಿ ಬ್ರೆಡ್ಡು ಕೊಟ್ಟು ಕಳಿಸಿದ. ಅಂಚೆ ಕಚೇರಿಯ ಹಳೆಯ ಚಾವಣಿ ನೋಡಲು ಕರೆ ಬಂದಾಗ ಮಾತ್ರ, "ಅಕ್ಕನೋರನ್ನೂ ಕರಕೊಂಡು ಬನ್ನಿ" ಎಂದು ಹೇಳಿಕಳಿಸಿದರು.

ಶಾಲೆಯ ಕೆಲಸ ಮುಗಿದ ದಿನ. ಟೀಚರಿಗೆ ತಡೆಯಲಾಗದೆ ಮಕ್ಕಳನ್ನು ಆಗಲೇ ಕರೆಸಿ ಕೂರಿಸಿದ್ದಳು. ಮರಕುಟಿಗ ಹಿಂದಿನ ಮೂಲೆಯಲ್ಲಿ ಎತ್ತರದ ಮೇಜು ಹತ್ತಿ ಮುಚ್ಚಿಗೆಗೆ ಕೊನೆಯ ಮೊಳೆ ಹೊಡೆಯುತ್ತಿದ್ದ. ಹೆಂಡತಿ ಮೇಲೆ, ಚಾವಣಿಯೊಳಗೆ. ತಮ್ಮ ತಟ್ಟುತ್ತಾ ಬರುತ್ತಿದ್ದ, ಇವಳು ಕಡೆಯ ಸಲ ಕೇಳಿಸಿಕೊಳ್ಳುತ್ತಾ ಹಿಂದೆಯೇ ಬರುತ್ತಿದ್ದಳು. ಈಗ ಅವಳಿಗೆ ಎಲ್ಲ ಗೊತ್ತೆಂಬ ಜಂಬ ಬೇರೆ. ಕೆಳಗೆ ಮಕ್ಕಳು ಹಾಡು ಶುರುಮಾಡಿದರು. ಎಷ್ಟು ಚೆನ್ನಾಗಿ ಹಾಡುತ್ತವೆ ಎಂದು ಹಲಗೆಯ ಸಂದಿನಿಂದ ನೋಡಲು ಬಗ್ಗಿದವಳ ಕಾಲು ಜಂತೆ ತಪ್ಪಿತು.

ಚಟ್ಟೆಂದು ಹಲಗೆ ಮುರಿದು, ಧೂಳು ಸುರಿದು, ಮರಕುಟಿಗನ ಮೂಗಿನ ಮುಂದೆಯೇ ಒಂದು ಕಾಲು ಇಳಿಬಿತ್ತು. ಹಾಡು ನಿಂತಿತು. ಮಕ್ಕಳು ಬಾಯಿ ತೆರೆದುಕೊಂಡು ನೋಡಿದರು. ಅವನು ಕಾಲನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. ತರಚಿತ್ತು ಅಷ್ಟೇ, ರಕ್ತವಿರಲಿಲ್ಲ. ಉಸಿರು ಬಂತು. ಉಸಿರಿನ ಹಿಂದೆ ಹಳೆಯ ದಿನವೂ ಬಂತು. ಪಕ್ಕದಲ್ಲಿದ್ದ ಕೊಡತಿಯ ಹಿಡಿಯಿಂದ ಅಂಗಾಲಿಗೆ ಮೆಲ್ಲಗೆ ಒಂದು ತಟ್ಟಿ, "ಯಾರದು ಈ ಕಾಲು?" ಎಂದು ಗದರಿದ.

ಉತ್ತರ ಕೇಳಿಸಲಿಲ್ಲ. ಆದರೆ ಕೈಯೊಳಗಿನ ಕಾಲು ಅದುರಲು ಶುರುವಾಯಿತು. ಅಳುತ್ತಿದ್ದಾಳೋ ಎಂದು ಅವನು ಗಾಬರಿಯಿಂದ ಕೆಳಗೆ ನೋಡಿದ. ಮಕ್ಕಳೆಲ್ಲ ಮೇಲೆ ನೋಡುತ್ತಾ ಬಿದ್ದುಬಿದ್ದು ನಗುತ್ತಿದ್ದವು, ಟೀಚರೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕಾಲು ಬಿಟ್ಟುಬಿಟ್ಟು ಅದುರುತ್ತಿತ್ತು. ಸ್ವಲ್ಪ ನಿಂತು, ಮತ್ತೆ ಶುರುವಾಗಿ. ಆ ಲಯ ಅವನಿಗೆ ಗೊತ್ತಿತ್ತು.

ಒಂದು ಕೈಯಲ್ಲಿ ಕಾಲು ಹಿಡಿದೇ, ಇನ್ನೊಂದು ಕೈಯಿಂದ ಅಂಗಿಯ ಜೇಬು ತಡಕಾಡಿ ಮಿಷನ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡ. ಅದು ಕುಯ್ ಎಂದಿತು, ಗರಗರ ಎಂದಿತು, ಆಮೇಲೆ ಸರಿಹೋಯಿತು.

"...ಬಾಡಿಗೆದಲ್ಲ ಅಂತ ಎಷ್ಟು ಸಲ ಹೇಳಬೇಕ್ರೀ, ನಿಮ್ಮ ಮನೇದೇ!" ಎಂದು ಮೇಲಿನಿಂದ ದನಿ. ಅದರ ಹಿಂದೆಯೇ ತೆಳ್ಳಗೆ, ಮೇಲೇರುತ್ತಾ, ನಡುವೆ ಉಸಿರು ಕಟ್ಟಿ ಮತ್ತೆ ಶುರುವಾಗುವ ಆ ನಗು.

"ಭಾವ, ಕೆಳಗಿಂದ ತಳ್ಳಿ, ನಾನು ಎಳೀತೀನಿ" ಎಂದು ಭಾವಮೈದುನ ಕೂಗಿದ.

"ಇರಯ್ಯಾ, ಅವಸರ ಮಾಡಬೇಡ" ಎಂದ ಮರಕುಟಿಗ. ಕಣ್ಣಿಂದ ನೀರು ಸುರಿಯುತ್ತಿತ್ತು, ಧೂಳು ಬಿದ್ದಿದೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಹೆಂಡತಿಯ ಕಾಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು, "ಲೇ, ಇನ್ನೊಂಚೂರು ನಗೇ" ಎಂದ.